ಅಪ್ಪನ ಬೈಗುಳದಿಂದ ಶುರುವಾಗುವ ರೆಕಾರ್ಡು

ಮರ ಕೊಯ್ಯುವ ಕಾರ್ಖಾನೆಯಲ್ಲಿ ಯಾರಿಗೂ ದನಿಯಿಲ್ಲ. ಗರಗಸ ಒಮ್ಮೆ ತಿರುಗಲು ಶುರುವಾಯಿತೆಂದರೆ ಮಾಲೀಕನೂ ಮೂಕ, ಕೂಲಿಯವನೂ ಮೂಕ. ಹೆಬ್ಬೆರಳು ಎತ್ತಿದರೆ ದಿಮ್ಮಿ ತಳ್ಳು ಎಂದು, ಅಂಗೈ ತೋರಿಸಿದರೆ ನಿಲ್ಲಿಸು ಎಂದು, ಹೊಟ್ಟೆ ತಟ್ಟಿಕೊಂಡರೆ ಊಟಕ್ಕೆ ಹೊತ್ತಾಯಿತೆಂದು ಅರ್ಥ. ಕಹಳೆ ಈ ಕೆಲಸವನ್ನು ಹುಡುಕಿಕೊಂಡು ಬಂದದ್ದೇ ಅದಕ್ಕೆ. ಅವನು ಬಾಯಿ ತೆರೆದರೆ ತುಕ್ಕು ಹಿಡಿದ ಕಬ್ಬಿಣದ ಬಾಗಿಲನ್ನು ನೆಲದ ಮೇಲೆ ಎಳೆದ ಹಾಗೆ ಕೇಳಿಸುತ್ತಿತ್ತು. ಯಾರೂ ಮಾತಾಡದ ಕಡೆ ತಾನೂ ಮಾತಾಡದೆ ಇದ್ದುಬಿಟ್ಟರೆ ಅದೊಂದು ಕೊರತೆ ಅನ್ನಿಸುವುದಿಲ್ಲ. ಕಹಳೆ ಎಂಬ ಅಡ್ಡಹೆಸರು ಬಂದದ್ದು ಗಂಟಲು ನೆಟ್ಟಗಿದ್ದ ಕಾಲದಲ್ಲಿ. ಗಂಟಲು ಹೋಯಿತು, ಹಾಳಾದ ಹೆಸರು ಮಾತ್ರ ಹೋಗಲಿಲ್ಲ.

ದಿಮ್ಮಿ ತರುವ ಲಾರಿಯ ಡ್ರೈವರು ಒಬ್ಬನಿದ್ದ, ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡವನು, ಹೆವಿ ಮೆಟಲ್ ಹಾಡೆಂದರೆ ಪ್ರಾಣ ಬಿಡುವವನು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಒಂದು ಪತ್ರಿಕೆಯನ್ನು ತಂದು ಕಹಳೆಯ ತೊಡೆಯ ಮೇಲೆ ಹಾಕಿದ. ಆ ಸಂಗೀತಕ್ಕೇ ಮೀಸಲಾದ ಪತ್ರಿಕೆ. ಎಲ್ಲ ಕಾಲದ ಶ್ರೇಷ್ಠ ಚೊಚ್ಚಲ ಆಲ್ಬಂಗಳು ಯಾವುವು ಎಂದು ದೊಡ್ಡ ದೊಡ್ಡವರನ್ನೆಲ್ಲ ಕೇಳಿ, ಜಗಳ ಬಿಡಿಸಿ, ಸಾಲಾಗಿ ಹಾಕಿದ್ದರು. ಮೇಲಿನಿಂದ ಬೆರಳಿಟ್ಟರೆ ಹೆಚ್ಚು ಕೆಳಗೆ ಇಳಿಯಬೇಕಿರಲಿಲ್ಲ, ಕಹಳೆ ಒಂದು ಕಾಲದಲ್ಲಿ ಹಾಡುತ್ತಿದ್ದ ತಂಡದ ರೆಕಾರ್ಡು ಅಲ್ಲೇ ಇತ್ತು. ಪಕ್ಕದಲ್ಲಿ ಕಪ್ಪು ಹೊದಿಕೆಯ ಚಿತ್ರ. ಡ್ರೈವರನ ಮುಖ ಮದುವೆ ಗಂಡಿನ ಮುಖದಂತೆ ಅರಳಿತ್ತು.

ಕಹಳೆ ಓದುತ್ತಾ ಹೋದ. ಗಿಟಾರಿನ ವೇಗವನ್ನು ಹೊಗಳಿದ್ದರು. ಶುರುವಿನಲ್ಲಿ ಬರುವ ಮುದುಕನ ಬೈಗುಳವನ್ನು ಹೊಗಳಿದ್ದರು. ಕೊನೆಗೆ ಗಾಯಕನ ವಿಷಯ. ಅಂಥ ಎತ್ತರದ ಕಿರುಚಾಟ ಮತ್ತೆ ಯಾರಿಗೂ ದಕ್ಕಲಿಲ್ಲವಂತೆ, ಅವನಿಗೂ ಕೂಡ. ಒಂದೇ ರೆಕಾರ್ಡಿಗೆ ಅವನು ಬರಿದಾಗಿ ಹೋದನಂತೆ. ಅದಕ್ಕೆ ಸೋಮಾರಿತನ ಕಾರಣವೋ ಕುಡಿತವೋ, ದೇವರೇ ಬಲ್ಲನಂತೆ.

ಕಹಳೆ ಜೀವಮಾನದಲ್ಲಿ ಹೆಂಡದ ಬಾಟಲಿಯ ಮುಚ್ಚಳ ತೆಗೆದವನಲ್ಲ. ಅವನು ಆ ಪುಟವನ್ನು ಹರಿದು, ನಿಧಾನವಾಗಿ ಮಡಚಿ, ಮತ್ತೆ ಮಡಚಿ, ಇನ್ನು ಮಡಚಲಾಗದಷ್ಟು ಸಣ್ಣದು ಮಾಡಿ, ಮರದ ಹೊಟ್ಟಿನ ರಾಶಿಗೆ ಎಸೆದ. ಲಾರಿಯವನು ಪಾಪ, ತನ್ನ ಪತ್ರಿಕೆ ಹಾಳಾಯಿತಲ್ಲ ಎಂದು ಬಾಯಿ ಬಿಟ್ಟುಕೊಂಡು ನಿಂತ.

ಮೊದಲ ರೆಕಾರ್ಡಿನ ಕಥೆಯೇ ಹಾಗೆ. ಅದಕ್ಕೆ ಹುಟ್ಟಿದಾಗಿನಿಂದ ಕೂಡಿಟ್ಟದ್ದೆಲ್ಲ ಸುರಿದಿರುತ್ತಾರೆ, ಎರಡನೆಯದನ್ನು ಬಸ್ಸಿನ ಸೀಟಿನಲ್ಲಿ ಕುಳಿತು ಬರೆದಿರುತ್ತಾರೆ. ಮೊದಲನೆಯದರಲ್ಲಿ ತಪ್ಪಾದರೆ ತಿದ್ದಲು ಪುರುಸೊತ್ತಿಲ್ಲ, ಅನುಕೂಲವಿಲ್ಲ. ಆ ತಪ್ಪುಗಳನ್ನೇ ಮುಂದೆ ಜನ ಪ್ರತಿಭೆ ಅನ್ನುತ್ತಾರೆ. ಇದೆಲ್ಲ ಕಹಳೆಗೆ ಗೊತ್ತಿತ್ತು. ಆದರೆ ಜನ ಅನ್ನುತ್ತಿದ್ದುದು ಎರಡನೆಯ ರೆಕಾರ್ಡು ಸಪ್ಪೆ ಎಂದಲ್ಲ, ಅವನ ಗಂಟಲೇ ಸುಳ್ಳು ಎಂದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅದನ್ನು ಅವನೂ ನಂಬಿದ್ದ. ರೆಕಾರ್ಡಿನಲ್ಲಿ ಅಷ್ಟು ಮೇಲೆ ಹೋದ ದನಿ ವೇದಿಕೆಯ ಮೇಲೆ ಯಾಕೆ ಹೋಗಲಿಲ್ಲ? ಒಮ್ಮೆ ಮುಟ್ಟಿದ್ದನ್ನು ಮತ್ತೆ ಯಾಕೆ ಮುಟ್ಟಲಾಗಲಿಲ್ಲ? ಮೂವತ್ತು ವರ್ಷದಿಂದ ಈ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಅವನನ್ನು ಕಾಡುತ್ತಿತ್ತು.

ಆ ರೆಕಾರ್ಡನ್ನು ಮಾಡಿದ್ದು ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿದ್ದ ಸಣ್ಣ ಸ್ಟುಡಿಯೋದಲ್ಲಿ. ಅಲ್ಲಿ ಮಧ್ಯಾಹ್ನ ದಿನವೂ ಕರೆಂಟು ಹೋಗುತ್ತಿತ್ತು. ಆ ಹೊತ್ತನ್ನು ಯಾರೂ ಕೇಳುತ್ತಿರಲಿಲ್ಲವಾಗಿ ಇವರಂಥ ಕೈ ಬರಿದಾದವರಿಗೆ ಸಿಗುತ್ತಿತ್ತು. ಹಿತ್ತಲಿನ ಡೀಸೆಲ್ ಜನರೇಟರ್ ಕೆಮ್ಮುತ್ತಾ ಓಡುತ್ತಿತ್ತು, ಬಲ್ಬು ಕಾಮಾಲೆ ಹಿಡಿದಂತೆ ಉರಿಯುತ್ತಿತ್ತು. ಕಹಳೆ ಹಾಡುವವನು, ಅವನ ಹೆಂಡತಿಯ ತಮ್ಮ ಗಿಟಾರ್ ಬಾರಿಸುವವನು, ಇನ್ನಿಬ್ಬರು ಗೆಳೆಯರು. ಇವರು ಇನ್ನೇನು ಮೊದಲ ಹಾಡು ಎತ್ತಿಕೊಳ್ಳಬೇಕು, ಟೇಪು ಆಗಲೇ ತಿರುಗುತ್ತಿದೆ, ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ಕಹಳೆಯ ಅಪ್ಪ ಒಳಗೆ ಬಂದರು. ಅಪ್ಪ ಬಸ್ಸಿನ ಡ್ರೈವರು. ಮಗ ಕೆಲಸ ಬಿಟ್ಟ ಸುದ್ದಿ ಆ ದಿನವೇ ಅವರ ಕಿವಿಗೆ ಬಿದ್ದಿತ್ತು, ಮೆಟ್ಟಿಲು ಹತ್ತುವಾಗ ಇವರ ಅಭ್ಯಾಸದ ಗದ್ದಲವೂ ಬಿದ್ದಿತ್ತು. ಖಾಕಿ ಬಟ್ಟೆಯಲ್ಲೇ ನಿಂತು ಬೈದರು:

"ಎದ್ದು ಬಾರೋ ಹೊರಗೆ. ಇದು ಹಾಡೇನೋ? ಪಾತ್ರೆ ಅಂಗಡಿ ಮೆಟ್ಟಿಲ ಮೇಲಿಂದ ಉರುಳಿದ ಹಾಗಿದೆ. ಎದ್ದು ಬಾರೋ ಹೊರಗೆ."

ಡ್ರಮ್ಮಿನವನು ಗಾಬರಿಯಾಗಿ ಕೋಲು ಬಡಿದ, ಹಾಡು ಶುರುವಾಗಿಬಿಟ್ಟಿತು. ಹಾಗೇ ಉಳಿಸಿಕೊಂಡರು. ರೆಕಾರ್ಡು ಹೊರಗೆ ಬಂದ ಮೇಲೆ ಆ ಬೈಗುಳ ಹಾಡಿಗಿಂತ ಹೆಚ್ಚು ಪ್ರಸಿದ್ಧವಾಯಿತು. ಕಾರ್ಯಕ್ರಮಕ್ಕೆ ಬಂದ ಜನ ಒಕ್ಕೊರಲಿನಿಂದ ಅದನ್ನೇ ಕೂಗುವುದು, ಅದೂ ಮೂಗು ಹಿಡಿದುಕೊಂಡು, ಕೀರಲು ದನಿಯಲ್ಲಿ, ಏಕೆಂದರೆ ರೆಕಾರ್ಡಿನಲ್ಲಿ ಅಪ್ಪನ ದನಿ ಹಾಗೇ ಕೇಳಿಸುತ್ತಿತ್ತು. ಬಸ್ಸು ನಿಲ್ದಾಣದಲ್ಲಿ ಪುಂಡರು ಅಪ್ಪನನ್ನು ಕಂಡರೆ ಸಾಕು, ಕೀರಲು ದನಿ ಎತ್ತಿ ಕೂಗುತ್ತಿದ್ದರು. ಅಪ್ಪ ಮಾರ್ಗ ಬದಲಾಯಿಸಿಕೊಂಡರು. ಆ ಮಾರ್ಗದಲ್ಲೂ ಕೂಗಿದರು. ಮಗನ ಜೊತೆ ಮಾತು ಬಿಟ್ಟವರು ಬಿಟ್ಟೇ ಇದ್ದರು, ಒಂದು ದಿನ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟರು. ಅಮ್ಮ ಆ ರೆಕಾರ್ಡನ್ನು ಮನೆಯೊಳಗೆ ಹಾಕಗೊಡಲಿಲ್ಲ, ಒಮ್ಮೆಯೂ ಕೇಳಲಿಲ್ಲ.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡಬೇಕು. ರೆಕಾರ್ಡು ಬಂದ ಮೇಲೆ ಮೊದಲ ಅಭ್ಯಾಸಕ್ಕೆ ಕುಳಿತಾಗ ಗಿಟಾರಿಗೂ ರೆಕಾರ್ಡಿಗೂ ತಾಳೆಯಾಗಲಿಲ್ಲ. ರೆಕಾರ್ಡು ಅರ್ಧ ಸ್ವರ ಮೇಲಿತ್ತು. ಇವರು ತಂತಿ ಬಿಗಿಯಲು ಬಳಸುತ್ತಿದ್ದುದು ಊದಿದರೆ ಒಂದೇ ಸ್ವರ ಕೊಡುವ ಒಂದು ಸಣ್ಣ ಕೊಳವೆ. ಭಾವಮೈದ ಅದನ್ನು ಊದಿ ನೋಡಿ, ಇದು ಕೆಟ್ಟಿದೆ, ನಾವು ಇಷ್ಟು ದಿನ ತಗ್ಗಿನಲ್ಲೇ ಬಾರಿಸುತ್ತಿದ್ದೆವು, ರೆಕಾರ್ಡೇ ಸರಿ ಅಂದ. ಅಂದವನು ಕೊಳವೆಯನ್ನು ಕಿಟಕಿಯಿಂದಾಚೆ ಚರಂಡಿಗೆ ಎಸೆದ. ಎಲ್ಲರೂ ನಕ್ಕರು. ರೆಕಾರ್ಡಿಗೆ ಸರಿಯಾಗಿ ತಂತಿ ಬಿಗಿದರು, ವೇಗವನ್ನೂ ಅದಕ್ಕೆ ಸರಿಯಾಗಿ ಏರಿಸಿದರು. ಹಾಡುವವನಿಗೆ ಬಿಗಿಯಲು ಬಿರಡೆ ಎಲ್ಲಿಂದ ಬರಬೇಕು? ಕಹಳೆ ಕುತ್ತಿಗೆಯ ನರ ಹುರಿಯಾಗುವಂತೆ ಎಳೆದ. ಪ್ರತಿ ವಾರ, ಪ್ರತಿ ವೇದಿಕೆಯಲ್ಲಿ ಎಳೆದ. ಎರಡು ವರ್ಷಕ್ಕೆ ಕರವಸ್ತ್ರದಲ್ಲಿ ರಕ್ತ ಕಂಡಿತು. ಆಪರೇಷನ್ ಆಯಿತು. ಡಾಕ್ಟರು ಬಾಯಿಗೆ ಬೀಗ ಹಾಕಿಸಿದರು. ಭಾವಮೈದ ಬೇರೊಬ್ಬ ಹಾಡುಗಾರನನ್ನು ತಂದ, ಅವನು ಹೋದ ಮೇಲೆ ಇನ್ನೊಬ್ಬನನ್ನು ತಂದ. ತಂಡದ ಹೆಸರು ಉಳಿಯಿತು.

ಪತ್ರಿಕೆ ಬಂದ ವಾರವೇ ಭಾವಮೈದ ಮನೆಗೆ ಬಂದ. ಸೆಖೆಯಲ್ಲೂ ಚರ್ಮದ ಕೋಟು, ಕೂದಲಿಗೆ ಕಾಡಿಗೆಯಂಥ ಬಣ್ಣ, ಬೆನ್ನಿಗೆ ಗಿಟಾರಿನ ಚೀಲ. ಹೆಂಡತಿಗೆ ತಮ್ಮ ಬಂದನೆಂದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವಳು ಅಡುಗೆಮನೆಗೂ ಕೋಣೆಗೂ ಓಡಾಡುತ್ತಿರುವಾಗ ಅವನು ವಿಷಯ ಬಿಚ್ಚಿದ. ಕಂಪನಿಯವರು ಆ ರೆಕಾರ್ಡನ್ನು ಹೊಸದಾಗಿ ಹೊರತರುತ್ತಾರೆ. ಹಳೆಯ ಮೂಲ ಟೇಪು ಸಿಕ್ಕಿದೆ, ಅದರಿಂದಲೇ ಮಾಡುತ್ತಾರೆ. ದೊಡ್ಡ ಕಾರ್ಯಕ್ರಮವೂ ಇದೆ. ಭಾವ ಬಂದು ವೇದಿಕೆಯ ಮೇಲೆ ನಿಂತು ಒಂದು ಸಾಲು ಹಾಡಿದರೆ ಸಾಕು, ಉಳಿದದ್ದನ್ನು ಈಗಿನ ಹುಡುಗ ಹಾಡುತ್ತಾನೆ. ಎಲ್ಲ ಗೌರವಕ್ಕೆ.

"ಗೌರವ ಮಾಡೋಕೆ ನಾನೇನು ಸತ್ತಿದೀನಾ?" ಅಂದ ಕಹಳೆ.

"ನೋಡಕ್ಕ, ಇವರ ಮಾತು," ಎಂದು ಭಾವಮೈದ ಅಕ್ಕನ ಕಡೆ ತಿರುಗಿದ. ಅವಳು ಎಂದಿನಂತೆ ತಮ್ಮನ ಪರ ನಿಂತಳು. ಗಂಡನಿಗೆ ತನ್ನ ಸಂಕಟವನ್ನು ಊರವರ ಮೇಲೆ ಕಾರುವುದೇ ಅಭ್ಯಾಸ ಎಂದಳು. ಆಗ ದಿನಾ ಸಾಧನೆ ಮಾಡಿದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದಳು. ಆ ಮಾತನ್ನು ಅವಳು ಕೇಡು ಬಗೆದು ಆಡಿದ್ದಲ್ಲ, ವರ್ಷಗಟ್ಟಲೆ ಆಡಿ ಆಡಿ ಅದು ನಾಲಿಗೆಗೆ ಅಂಟಿಕೊಂಡಿತ್ತು. ಗಂಟಲಿಗೆಂದು ಉಪ್ಪುನೀರು ಕಾಯಿಸಿ ಕೊಟ್ಟವಳೂ ಅವಳೇ.

ಇನ್ನೊಂದು ಕೆಲಸವಿತ್ತು. ಶುರುವಿನ ಬೈಗುಳ ಅಪ್ಪನದು. ಅಪ್ಪ ಇಲ್ಲವಾದ್ದರಿಂದ ಅದನ್ನು ಬಳಸಲು ಅಮ್ಮ ಒಪ್ಪಿ ಸಹಿ ಹಾಕಬೇಕೆಂದು ಕಂಪನಿಯ ವಕೀಲರು ಹಟ ಹಿಡಿದಿದ್ದರು. ಅಮ್ಮ ಕಿಟಕಿಯ ಬಳಿ ಕುಳಿತು ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು ಕೇಳಿದರು:

"ಅವರ ಬೈಗುಳಕ್ಕೂ ಸೈನಾ? ನಾನು ಮದುವೆ ಆದಾಗಿಂದ ಬಿಟ್ಟಿಯಾಗೇ ಕೇಳಿದೀನಲ್ಲಪ್ಪ."

"ಅದೊಂದು ಪದ್ಧತಿ ಅತ್ತೆ. ಇಲ್ಲಿ ಹಾಕಿಬಿಡಿ."

"ಏನು ಅಂತ ಕೇಳದೆ ಹಾಕೋಕೆ ನಾನೇನು ದಡ್ಡಿನಾ? ಕೇಳಿಸು, ಆಮೇಲೆ ನೋಡೋಣ."

ಅಷ್ಟು ವರ್ಷ ಮುಟ್ಟದಿದ್ದ ರೆಕಾರ್ಡನ್ನು ಈಗ ಕೇಳುತ್ತೇನೆ ಎಂದರೆ ಅಮ್ಮನಿಗೆ ಏನಾಯಿತೆಂದು ಕಹಳೆಗೆ ತಿಳಿಯಲಿಲ್ಲ. ವಯಸ್ಸಾಯಿತು, ಅಪ್ಪನ ದನಿ ಒಂದು ಸಲ ಕೇಳಬೇಕು ಅನ್ನಿಸಿರಬಹುದು. ಅವನು ಆ ಪ್ರಶ್ನೆಯನ್ನು ಕೇಳಲಿಲ್ಲ. ಅಮ್ಮ ಹೇಳುವವರೂ ಅಲ್ಲ.

ಮರುದಿನ ಬೆಳಿಗ್ಗೆ ಅಮ್ಮ, ಕಹಳೆ, ಭಾವಮೈದ ಮೂವರೂ ಸ್ಟುಡಿಯೋಗೆ ಹೋದರು. ದಪ್ಪ ಬಾಗಿಲು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಹೊಸ ಜಮಖಾನೆಯ ವಾಸನೆ. ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ ಅಲ್ಲಿನ ಸೌಂಡ್ ಇಂಜಿನಿಯರು. ಹಳೆಯ ಟೇಪು ಅಂಟಂಟಾಗಿತ್ತು, ಒಂದು ಪೆಟ್ಟಿಗೆಯಲ್ಲಿ ಹದವಾದ ಶಾಖ ಕೊಟ್ಟು ಒಣಗಿಸಿದ್ದೇನೆ ಎಂದು ಅವಳು ವಿವರಿಸಿದಳು.

"ಇಷ್ಟೆಲ್ಲ ಬೇಯಿಸಿದ ಮೇಲೆ ಚೆನ್ನಾಗೇ ಇರಬೇಕು," ಎಂದರು ಅಮ್ಮ, ಕುರ್ಚಿಯಲ್ಲಿ ಸರಿಯಾಗಿ ಕುಳಿತುಕೊಳ್ಳುತ್ತಾ. ಹುಡುಗಿ ನಕ್ಕು ಟೇಪು ಓಡಿಸಿದಳು.

ಬಾಗಿಲು ಒದ್ದ ಸದ್ದು. ಆಮೇಲೆ ಆ ಕೀರಲು ದನಿ. ಎದ್ದು ಬಾರೋ ಹೊರಗೆ. ಭಾವಮೈದ ಅಭ್ಯಾಸಬಲದಿಂದ ತುಟಿ ಆಡಿಸುತ್ತಾ ಮುಗುಳ್ನಕ್ಕ. ಕಹಳೆ ನೆಲ ನೋಡುತ್ತಿದ್ದ.

"ಇದ್ಯಾರು?" ಅಂದರು ಅಮ್ಮ.

"ಅಪ್ಪನೇ ಕಣಮ್ಮ. ಅವತ್ತು ಬಂದಿದ್ರಲ್ಲ."

"ತಲೆ ಕೆಟ್ಟಿದೆಯಾ ನಿನಗೆ? ಇದು ನಿಮ್ಮಪ್ಪ ಅಲ್ಲ."

ರೆಕಾರ್ಡಿನಲ್ಲಿ ಎಲ್ಲರ ದನಿಯೂ ಬೇರೆ ಥರ ಕೇಳಿಸುತ್ತದೆ, ಅದು ಹಾಗೇ, ಎಂದು ಭಾವಮೈದ ಸಮಾಧಾನ ಹೇಳಲು ಹೋದ. ಕಹಳೆಯೂ ಇಷ್ಟು ವರ್ಷ ಅದನ್ನೇ ನಂಬಿದ್ದವನು. ಅಮ್ಮ ಕೈ ಅಡ್ಡ ಹಿಡಿದರು.

"ಡಿಪೋದಿಂದ ದಿನಾ ನನಗೆ ಫೋನ್ ಮಾಡೋರು ಅವರು. ಫೋನಲ್ಲೂ ಅವರ ದನಿ ಅವರದೇ ಆಗಿತ್ತು. ಬಸ್ಸಿಗೆ ಹಾರ್ನೇ ಬೇಕಿರಲಿಲ್ಲ, ಅಂಥ ದನಿ. ಇದ್ಯಾರೋ ಓಡ್ಕೊಂಡು ಬೈತಿದಾರೆ. ನಿಮ್ಮಪ್ಪ ಬೈಯುವಾಗ ಯಾವತ್ತಾದರೂ ಅವಸರ ಮಾಡಿದ್ದು ನೋಡಿದೀಯಾ? ಒಂದೊಂದು ಬೈಗುಳಾನೂ ಚಪ್ಪರಿಸಿ ಚಪ್ಪರಿಸಿ ಬೈತಿದ್ರು."

ಅದು ನಿಜ. ಅದು ಎಷ್ಟು ನಿಜವೆಂದರೆ ಕಹಳೆ ನೆಲದಿಂದ ತಲೆ ಎತ್ತಿ ಟೇಪಿನ ಯಂತ್ರವನ್ನೇ ನೋಡಿದ.

ಹುಡುಗಿ ಟೇಪು ನಿಲ್ಲಿಸಿ, ಇದನ್ನು ಎಲ್ಲಿ, ಹೇಗೆ ಮಾಡಿದಿರಿ ಎಂದು ಕೇಳಿದಳು. ಕಹಳೆ ಮುದ್ರಣಾಲಯದ ಮಹಡಿ, ಮಧ್ಯಾಹ್ನದ ಹೊತ್ತು, ಕೆಮ್ಮುವ ಜನರೇಟರ್, ಕಾಮಾಲೆ ಬಲ್ಬು ಎಲ್ಲ ಹೇಳಿದ. ಜನರೇಟರ್ ಎಂದ ಕೂಡಲೇ ಅವಳ ಹುಬ್ಬು ಮೇಲೆ ಹೋಯಿತು. ಜನರೇಟರ್ ಭಾರಕ್ಕೆ ಬಸವಳಿದು ನಿಧಾನವಾದರೆ ಟೇಪಿನ ಯಂತ್ರವೂ ನಿಧಾನವಾಗಿ ತಿರುಗುತ್ತದೆ ಎಂದಳು. ನಿಧಾನವಾಗಿ ತಿರುಗುವ ಟೇಪಿಗೆ ತುಂಬಿದ್ದನ್ನು ಆಮೇಲೆ ಸರಿಯಾದ ಕರೆಂಟಿನಲ್ಲಿ ಓಡಿಸಿದರೆ ಎಲ್ಲವೂ ಬೇಗ ಬೇಗ ಬರುತ್ತದೆ, ಎಲ್ಲ ಸ್ವರಗಳೂ ಮೇಲಕ್ಕೆ ಹತ್ತಿಬಿಡುತ್ತವೆ. ಆಮೇಲೆ ಅಮ್ಮನ ಕಡೆ ತಿರುಗಿ, ನಾನು ವೇಗ ಇಳಿಸುತ್ತಾ ಹೋಗುತ್ತೇನೆ, ನಿಮ್ಮ ಯಜಮಾನರು ಬಂದಾಗ ಹೇಳಿ ಎಂದಳು.

"ಅದೆಲ್ಲ ಈಗ ಯಾಕೆ?" ಅಂದ ಭಾವಮೈದ. ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. "ಸೈನ್ ಹಾಕಿದ್ರೆ ಮುಗೀತಲ್ಲ."

ಯಾರೂ ಅವನ ಕಡೆ ನೋಡಲಿಲ್ಲ. ಅಮ್ಮ ಕಣ್ಣು ಮುಚ್ಚಿ, ಬಸ್ಸು ಹಿಂದಕ್ಕೆ ತೆಗೆಯುವವರಿಗೆ ದಾರಿ ತೋರಿಸುವಂತೆ ಒಂದು ಕೈ ಎತ್ತಿ ಹಿಡಿದರು. ಹುಡುಗಿ ಗುಂಡಿ ತಿರುಗಿಸಿದಳು. ಬಾಗಿಲು ಮತ್ತೆ ಒದೆ ತಿಂದಿತು, ಮತ್ತೆ ಬೈಗುಳ.

"ಇನ್ನೂ ಕೆಳಗೆ... ಇನ್ನೂ ಬಾ... ಅಯ್ಯೋ, ಈಗ ಜ್ವರ ಬಂದೋರ ಹಾಗಾಯ್ತು. ಸ್ವಲ್ಪ ಮೇಲೆ." ಕೈ ತಟ್ಟನೆ ನಿಂತಿತು. "ಇಲ್ಲಿ. ಇವರೇ."

ಎದ್ದು ಬಾರೋ ಹೊರಗೆ. ಕೋಣೆಯೊಳಗೆ ಖಾಕಿ ಬಟ್ಟೆಯ ಒಬ್ಬ ದೊಡ್ಡ ಮನುಷ್ಯ ಬಂದು ನಿಂತ ಹಾಗಿತ್ತು. ಎದೆಯ ತಳದಿಂದ ಬರುವ ದನಿ, ಅವಸರವಿಲ್ಲದ ದನಿ, ಮಗನ ಮೇಲಿನ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿದ್ದ ದನಿ. ಆ ಹೆದರಿಕೆ ಕೀರಲು ದನಿಯಲ್ಲಿ ಎಂದೂ ಕೇಳಿಸಿರಲಿಲ್ಲ. ಇದನ್ನೇ ಜನ ಮೂಗು ಹಿಡಿದು ಕೂಗಿದ್ದು. ಇದಕ್ಕಾಗಿ ಅಪ್ಪ ಮಾರ್ಗ ಬದಲಾಯಿಸಿದ್ದು.

ಅಮ್ಮ ಕಣ್ಣು ತೆರೆಯಲಿಲ್ಲ. ಹುಡುಗಿಯೂ ಟೇಪು ನಿಲ್ಲಿಸಲಿಲ್ಲ. ಡ್ರಮ್ಮಿನ ಕೋಲು ಬಡಿಯಿತು, ಹಾಡು ಶುರುವಾಯಿತು.

ಅದು ಅದೇ ಹಾಡು, ಆದರೆ ಹಾಡಿನ ಮೈಗೆ ಈಗ ತೂಕವಿತ್ತು. ಗಿಟಾರು ಓಡುತ್ತಿರಲಿಲ್ಲ, ಹೂತ ಚಕ್ರವನ್ನು ಕೆಸರಿನಿಂದ ಎಳೆಯುವ ಎತ್ತಿನಂತೆ ಹೆಜ್ಜೆ ಹೆಜ್ಜೆಗೂ ಭುಜ ಕೊಡುತ್ತಿತ್ತು. ಅದರ ಮೇಲೆ ಒಬ್ಬ ಹುಡುಗ ಹಾಡುತ್ತಿದ್ದ. ಕಹಳೆ ಅವನನ್ನು ಗುರುತಿಸಿದ. ತಾರಸಿಗೆ ಹತ್ತಿ ಅಂಟೆನಾ ಸರಿಮಾಡುತ್ತಾ, ಮೆಟ್ಟಿಲು ಇಳಿಯುತ್ತಾ, ಹಲ್ಲುಜ್ಜುತ್ತಾ ಹಾಡುತ್ತಿದ್ದ ಹುಡುಗ, ಗಂಟಲು ಹರಿಯುವ ಮುಂಚಿನ ತಾನು. ಹಾಡಿನ ಕೊನೆಯಲ್ಲಿ ಆ ಕಿರುಚಾಟ ಬಂತು. ಲೋಕವೆಲ್ಲ ಹೊಗಳಿದ ಎತ್ತರಕ್ಕಿಂತ ಅರ್ಧ ಸ್ವರ ಕೆಳಗೆ, ತುಂಬಿಕೊಂಡು, ಬಿರುಕಿಲ್ಲದೆ, ಯಾವ ಕಷ್ಟವೂ ಇಲ್ಲದೆ ಬಂತು. ಅವನಿಗೆ ಇದ್ದದ್ದೇ ಆ ಸ್ವರ. ಅದನ್ನು ಅವನು ಎಂದೂ ಕಳೆದುಕೊಂಡಿರಲಿಲ್ಲ. ಕಳೆದುಕೊಂಡೆನೆಂದು ತಿಳಿದು, ಇಲ್ಲದ ಒಂದನ್ನು ಹಿಡಿಯಲು ಹೋಗಿ, ಇದ್ದದ್ದನ್ನು ಹರಿದುಹಾಕಿಕೊಂಡಿದ್ದ.

ಟೇಪು ನಿಂತಿತು.

"ಕೊಳವೆ ಸರಿಯಾಗೇ ಇತ್ತು," ಅಂದ ಕಹಳೆ.

ಭಾವಮೈದ ಯಾವ ಕೊಳವೆ ಎಂದು ಕೇಳಲಿಲ್ಲ. ಕೇಳಿದ್ದರೆ ಕಹಳೆಗೆ ಇನ್ನೂ ಸಂಶಯಕ್ಕೆ ಜಾಗವಿರುತ್ತಿತ್ತು. ಅವನು ಕೋಟಿನ ಜಿಪ್ಪನ್ನು ಕೆಳಗೆ ಎಳೆದ, ಮೇಲೆ ಎಳೆದ.

"ನಿನಗೆ ಗೊತ್ತಿತ್ತು."

"ಅವತ್ತೇ ಗೊತ್ತಿರಲಿಲ್ಲ ಭಾವ. ಅನುಮಾನ ಬಂತು ಅಷ್ಟೇ. ಆಮೇಲೆ ರೆಕಾರ್ಡಿಸ್ಟ್ ಹತ್ರ ಹೋಗಿ ಕೇಳಿದೆ. ಅವನು ಜನರೇಟರ್ ವಿಷಯ ಹೇಳಿದ. ಅಷ್ಟರಲ್ಲಿ ರೆಕಾರ್ಡು ಕೈಯಿಂದ ಕೈಗೆ ಹೋಗಿ ಜನ ಹುಚ್ಚಾಗಿದ್ರು. ಈಗ ಇದು ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು?"

"ಅವರಿಗೆ ಬೇಡ. ನನಗೆ ಹೇಳಬಹುದಿತ್ತಲ್ಲ."

ಹೇಳಿದರೆ ಹಗುರಾಗುತ್ತದೆ ಅಂದುಕೊಂಡನೋ ಏನೋ, ಭಾವಮೈದ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಅರ್ಧ ಸ್ವರ ತಾನೇ, ಭಾವ ಎಳೀತಾನೆ ಅಂದ್ಕೊಂಡೆ."

ಕಹಳೆಗೆ ಸಿಟ್ಟು ನೆತ್ತಿಗೇರಿತು ಎಂದರೆ ಅದು ಸರಿಯಾದ ಮಾತಾಗುವುದಿಲ್ಲ. ಅವನ ಸಿಟ್ಟು ಮೂವತ್ತು ವರ್ಷದಿಂದ ಎಲ್ಲಿ ಹೋಗಬೇಕೆಂದು ತಿಳಿಯದೆ ಮನೆಯೊಳಗೇ ಸುತ್ತುತ್ತಿತ್ತು. ಹೆಂಡತಿಯ ಮೇಲೆ, ತನ್ನ ಮೇಲೆ, ಬೀದಿಯ ನಾಯಿಯ ಮೇಲೆ. ಈಗ ಅದಕ್ಕೆ ವಿಳಾಸ ಸಿಕ್ಕಿತ್ತು. ಅವನು ಎದ್ದು ನಿಂತ. ಭಾವಮೈದ ಗಿಟಾರಿನ ಚೀಲವನ್ನು ಎದೆಗೆ ಅಡ್ಡ ಹಿಡಿದ. ಮೈಮೇಲೆ ಬೀಳುತ್ತಾನೆ ಎಂದುಕೊಂಡಿದ್ದನೇನೋ. ಕಹಳೆ ಕೈ ಎತ್ತಲಿಲ್ಲ, ಆದರೆ ಆ ತುಕ್ಕು ಹಿಡಿದ ಗಂಟಲಿನಿಂದ ಒಂದೊಂದನ್ನೇ ಎತ್ತಿ ಅವನ ಮುಂದೆ ಇಟ್ಟ. ನಾನು ರಕ್ತ ಉಗುಳಿದ ದಿನ ನೀನು ಪಕ್ಕದಲ್ಲೇ ಇದ್ದೆ. ಆಪರೇಷನ್ ಕೋಣೆಯ ಹೊರಗೆ ನಿನ್ನ ಅಕ್ಕನ ಕೈ ಹಿಡಿದುಕೊಂಡು ಕೂತಿದ್ದೆ. ಭಾವ ಸಾಧನೆ ಮಾಡಲ್ಲ, ಮೈಗಳ್ಳ ಅಂತ ಮೊದಲು ಅವಳ ಕಿವಿ ಚುಚ್ಚಿದವನೂ ನೀನೇ. ಅವಳು ಅದನ್ನು ನಂಬಿಕೊಂಡು ಈಗಲೂ ನನಗೆ ಬುದ್ಧಿ ಹೇಳುತ್ತಾಳೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ತಂತಿ ಅರ್ಧ ಸುತ್ತು ಸಡಿಲ ಮಾಡಿಕೊಂಡು ಎಲ್ಲರೂ ಮನೆಗೆ ಹೋಗಿ ಉಣ್ಣುತ್ತಿದ್ದೆವು.

ಭಾವಮೈದನ ಮುಖ ಕಪ್ಪಿಟ್ಟಿತು. ಆದರೆ ಅವನೂ ಸುಮ್ಮನೆ ಬಗ್ಗುವವನಲ್ಲ.

"ಸರಿ, ಮಾಡಿದ್ದು ತಪ್ಪು. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ. ಆದ್ರೆ ಒಂದು ಮಾತು ಹೇಳು ಭಾವ. ಆ ವೇಗ ಇಲ್ದಿದ್ರೆ, ಆ ಎತ್ತರ ಇಲ್ದಿದ್ರೆ, ಈ ಪಟ್ಟಿಯಲ್ಲಿ ನಮ್ಮ ಹೆಸರು ಇರ್ತಿತ್ತಾ? ಈಗ ಕೇಳಿದ್ವಲ್ಲ ಇದನ್ನ, ಆವಾಗ ಯಾರು ಮೂಸಿ ನೋಡ್ತಿದ್ರು?"

ಇರಬಹುದು, ಇಲ್ಲದಿರಬಹುದು, ಯಾರು ಬಲ್ಲರು? ಕಹಳೆಯ ಗಂಟಲಿಗೆ ಬದಲಾಗಿ ಆ ಪಟ್ಟಿ ಸಿಕ್ಕಿತ್ತು, ಆ ವ್ಯಾಪಾರಕ್ಕೆ ಅವನನ್ನು ಯಾರೂ ಕೇಳಿರಲಿಲ್ಲ.

ಉತ್ತರ ಕೊಟ್ಟದ್ದು ಅಮ್ಮ. ಅವರು ಚೀಲದಿಂದ ಕನ್ನಡಕ ತೆಗೆದು ಒರೆಸುತ್ತಾ, ಅಕ್ಕಿಯಲ್ಲಿ ಕಲ್ಲು ಆರಿಸುವಾಗಿನಷ್ಟು ಶಾಂತವಾಗಿ ಹೇಳಿದರು:

"ಪಟ್ಟಿ ಗಿಟ್ಟಿ ನನಗೆ ಗೊತ್ತಿಲ್ಲಪ್ಪ. ನೀನು ನನ್ನ ಸೈನ್ ಕೇಳೋಕೆ ಬಂದೆ. ಇವರು ನನ್ನ ಗಂಡ, ಇವರಿಗೆ ಹಾಕ್ತೀನಿ. ಆ ಕೋಡಂಗಿ ಯಾರೋ ನನಗೆ ಗೊತ್ತಿಲ್ಲ, ಅವನಿಗೆ ಹಾಕಲ್ಲ."

"ಅತ್ತೆ, ಹಾಗಂದ್ರೆ ಆ ಬೈಗುಳ ತೆಗೀಬೇಕಾಗುತ್ತೆ. ಅದಿಲ್ದೆ ಆ ರೆಕಾರ್ಡು ಯಾರಿಗೆ ಬೇಕು?"

"ಅದು ನಿನ್ನ ಕಷ್ಟ."

ಭಾವಮೈದ ಹುಡುಗಿಯ ಮುಖ ನೋಡಿದ. ಬೈಗುಳವನ್ನು ಮಾತ್ರ ಸರಿಯಾದ ವೇಗದಲ್ಲಿ ಇಟ್ಟು ಹಾಡನ್ನು ಹಳೆಯ ಹಾಗೇ ಬಿಡಬಹುದಲ್ಲವೇ ಎಂದು ಕೇಳಿದ. ಬೈಗುಳದ ಕೊನೆಯ ಮಾತಿನ ಮೇಲೇ ಡ್ರಮ್ಮು ಬಿದ್ದಿದೆ, ಎರಡನ್ನೂ ಬಿಡಿಸಿದರೆ ಹೊಲಿಗೆ ಕಾಣುತ್ತದೆ ಎಂದಳು ಅವಳು. ಆಮೇಲೆ, ಕೇಳದಿದ್ದರೂ, ತನಗೆ ಈ ನಿಧಾನದ್ದೇ ಇಷ್ಟವಾಯಿತು, ಇದು ಎದೆಯ ಮೇಲೆ ಬಂದು ಕೂರುತ್ತದೆ ಎಂದಳು. ಭಾವಮೈದ ಹೊರಗೆ ಹೋಗಿ ಕಂಪನಿಯವರಿಗೆ ಫೋನ್ ಮಾಡಿದ. ಗಾಜಿನಾಚೆ ಅವನು ಕೈ ಬೀಸುವುದು, ತಲೆ ಚಚ್ಚಿಕೊಳ್ಳುವುದು, ಆಮೇಲೆ ತಲೆ ಆಡಿಸುವುದು ಎಲ್ಲ ಕಂಡಿತು. ಕಾರ್ಖಾನೆಯ ಕೈಸನ್ನೆ ಓದಿ ಅಭ್ಯಾಸವಾದ ಕಹಳೆಗೆ ಮಾತು ಕೇಳಿಸಬೇಕಾಗಿರಲಿಲ್ಲ.

ಒಳಗೆ ಬಂದು, ಒಪ್ಪಿದರು ಎಂದ. ಸರಿಯಾದ ವೇಗದ್ದೇ ಬರುತ್ತದೆ. ಮೂಲ ರೂಪ ಎಂದು ದೊಡ್ಡಕ್ಷರದಲ್ಲಿ ಹಾಕಿಸುತ್ತಾರಂತೆ, ಹಾಗೆ ಹಾಕಿದರೆ ಇನ್ನೂ ಚೆನ್ನಾಗಿ ಓಡುತ್ತದಂತೆ. ಅಷ್ಟು ಹೇಳುವಾಗಲೇ ಅವನ ಮುಖಕ್ಕೆ ಸ್ವಲ್ಪ ಕಳೆ ಮರಳಿತ್ತು. ಇಷ್ಟೆಲ್ಲ ಆದ ಮೇಲೂ ಇವನಿಗೆ ಲಾಭವೇ ಆಗುತ್ತದಲ್ಲ ಎಂದು ಕಹಳೆ ಹಲ್ಲು ಕಡಿದ.

"ಇನ್ನೂ ಮುಗಿದಿಲ್ಲ," ಅಂದ. "ಗಿಟಾರ್ ತೆಗಿ."

"ಯಾಕೆ?"

"ತೆಗಿ ಅಂದೆ."

ಭಾವಮೈದ ಗಿಟಾರ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹುಡುಗಿ ಟೇಪನ್ನು ಮತ್ತೆ ಅಮ್ಮ ಹೇಳಿದ ವೇಗದಲ್ಲಿ ಓಡಿಸಿದಳು. ಹಾಡಿನ ಮೊದಲ ಸ್ವರ ಬಂದಾಗ ಕಹಳೆ ಬಗ್ಗಿ, ಭಾವಮೈದನ ಕೈ ತಳ್ಳಿ, ಬಿರಡೆಗಳಿಗೆ ತಾನೇ ಕೈ ಹಾಕಿದ. ದಪ್ಪ ತಂತಿಯಿಂದ ಶುರುಮಾಡಿ ಒಂದೊಂದನ್ನೇ ಸಡಿಲಿಸುತ್ತಾ, ಮೀಟುತ್ತಾ, ಟೇಪಿಗೆ ಕಿವಿ ಕೊಡುತ್ತಾ ಇಳಿಸಿದ. ಹೊಟ್ಟು ಮೆತ್ತಿ ಒರಟಾದ ಬೆರಳುಗಳು, ಆದರೆ ಕಿವಿ ಮಾತ್ರ ಕೆಟ್ಟಿರಲಿಲ್ಲ. ಇಬ್ಬರ ಮುಖಗಳೂ ಗೇಣಿನ ದೂರದಲ್ಲಿದ್ದವು. ಭಾವಮೈದ ಉಸಿರು ಬಿಗಿಹಿಡಿದು ಕುಳಿತಿದ್ದ, ಕ್ಷೌರದ ಕತ್ತಿಯ ಕೆಳಗೆ ಕುಳಿತವನ ಹಾಗೆ.

"ಈಗ ಬಾರಿಸು."

ಅವನು ಬಾರಿಸಿದ. ಬೆರಳುಗಳು ಹಳೆಯ ಚಾಳಿಯಿಂದ ಮುಂದೆ ಓಡಲು ನೋಡಿದವು. ಕಹಳೆ ಮೇಜಿನ ಮೇಲೆ ಅಂಗೈ ಬಡಿದು ನಿಧಾನದ ಲಯ ಹಿಡಿದ. ಓಟ ತಗ್ಗಿತು. ಕಹಳೆ ಬಾಯಿ ತೆರೆದ.

ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಹರಿದ ಗಂಟಲು ಹೊಲಿದರೂ ಹರಿದದ್ದೇ. ಮೊದಲ ಸಾಲು ಗೊಗ್ಗರಾಗಿ ಬಂತು, ಎರಡನೆಯದರಲ್ಲಿ ಉಸಿರು ಸಾಲಲಿಲ್ಲ. ಆದರೆ ಎಳೆಯಬೇಕಾಗಿರಲಿಲ್ಲ. ಕತ್ತಿನ ನರ ತನ್ನ ಪಾಡಿಗೆ ತಾನಿತ್ತು. ಕೊನೆಯ ಕಿರುಚಾಟಕ್ಕೆ ಅವನು ಹೆದರುತ್ತಲೇ ಹೋದ. ಸ್ವರ ಒಡೆಯಿತು. ಆದರೆ ತಪ್ಪಿದ ಜಾಗದಲ್ಲಿ ಒಡೆಯಲಿಲ್ಲ, ತನ್ನ ಸ್ಥಳಕ್ಕೆ ಹೋಗಿ ನಿಂತು, ಅಲ್ಲೇ ಒಡೆಯಿತು. ಗೋಡೆಯ ಸ್ಪಂಜು ಅದನ್ನು ನುಂಗಿಕೊಂಡಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಾವಮೈದ ಮೂಗು ಒರೆಸಿಕೊಂಡ. ಒರೆಸಿಕೊಂಡ ಕೈ ತನ್ನಷ್ಟಕ್ಕೆ ಗಿಟಾರಿನ ತಲೆಯ ಕಡೆ ಹೋಗಿ, ಮೂವತ್ತು ವರ್ಷದ ಅಭ್ಯಾಸ, ಮೊದಲ ಬಿರಡೆಯನ್ನು ಮತ್ತೆ ಮೇಲಕ್ಕೆ ತಿರುಗಿಸಲು ಹಿಡಿಯಿತು.

"ಅದನ್ನ ಮುಟ್ಟಬೇಡ," ಅಂದ ಕಹಳೆ. ಅವಸರ ಮಾಡಲಿಲ್ಲ. ಒಂದೊಂದು ಮಾತನ್ನೂ ಬಾಯಲ್ಲಿ ಹೊರಳಿಸಿ, ಅದರ ರುಚಿ ಪೂರ್ತಿ ಹೀರಿ, ಆಮೇಲೆ ಹೊರಗೆ ಬಿಟ್ಟ. "ಕಾರ್ಯಕ್ರಮದಲ್ಲೂ ಅಲ್ಲೇ ಇರುತ್ತೆ. ಆ ಹುಡುಗ ಹಾಡಲಿ, ನಾನು ಹಾಡಲಿ, ಅಲ್ಲೇ ಇರುತ್ತೆ. ಮತ್ತೆ ಈಗ ಮನೆಗೆ ಬರ್ತೀಯ. ಬಂದು ನಿನ್ನ ಅಕ್ಕನ ಮುಂದೆ ನಿಂತ್ಕೊಂಡು, ನನಗೆ ಹೇಳಿದ್ದನ್ನೆಲ್ಲ ಇದೇ ಬಾಯಲ್ಲಿ ಹೇಳ್ತೀಯ. ಅರ್ಧ ಸ್ವರನೂ ಬಿಡದ ಹಾಗೆ. ನಡಿ. ಎದ್ದು ಬಾ ಹೊರಗೆ."

ಭಾವಮೈದ ಬಿರಡೆಯಿಂದ ಕೈ ತೆಗೆದ.

ಅಮ್ಮ ಮಗನನ್ನು ಒಮ್ಮೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಹುಡುಗಿಯ ಕಡೆ ತಿರುಗಿದರು.

"ಎಲ್ಲಮ್ಮ ಹಾಕಬೇಕು ಸೈನು? ಪೆನ್ನು ಕೊಡು."